2300 ದಿನಗಳ ಲೆಕ್ಕ: ವಿಲಿಯಂ ಮಿಲ್ಲರ್ ಮತ್ತು ಬಾರದ ಅಂತ್ಯ

1844ರ ಅಕ್ಟೋಬರ್ 22, ಮಂಗಳವಾರ. ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಸಾವಿರಾರು ಜನ ಮನೆಗಳಲ್ಲಿ, ಸಭಾಮಂದಿರಗಳಲ್ಲಿ ಒಟ್ಟುಗೂಡಿ ಕ್ರಿಸ್ತನ ಬರವಿಗಾಗಿ ಕಾಯುತ್ತಿದ್ದರು. ರೂಪಕವಾಗಿ ಅಲ್ಲ, ಅದೇ ದಿನ, ಮೇಘಗಳ ಮೇಲೆ, ಕಣ್ಣಿಗೆ ಕಾಣುವ ಹಾಗೆ ಬರುತ್ತಾನೆಂದು. ಕೆಲವರು ಅಂಗಡಿಗಳ ಬಾಗಿಲು ಹಾಕಿದ್ದರು, ಕೆಲವರು ಹಳೆಯ ಸಾಲಗಳನ್ನು ತೀರಿಸಿ ಬಂದಿದ್ದರು. ನ್ಯೂ ಹ್ಯಾಂಪ್‌ಶೈರ್‌ನ ಲಿಯೊನಾರ್ಡ್ ಹೇಸ್ಟಿಂಗ್ಸ್ ಎಂಬ ರೈತ ಬೆಳೆದು ನಿಂತ ಆಲೂಗಡ್ಡೆಯನ್ನು ಅಗೆಯದೆ ಹೊಲದಲ್ಲೇ ಬಿಟ್ಟಿದ್ದನೆಂದು ಅಡ್ವೆಂಟಿಸ್ಟ್ ಪರಂಪರೆಯ ಚರಿತ್ರೆಗಳು ಹೇಳುತ್ತವೆ. ಚಳಿಗಾಲಕ್ಕೆಂದು ಅಗೆದು ಕೂಡಿಟ್ಟರೆ ಚಳಿಗಾಲ ಬರುತ್ತದೆಂದು ಒಪ್ಪಿಕೊಂಡ ಹಾಗಾಗುತ್ತದಲ್ಲ! ಸಂಜೆಯಾಯಿತು, ನಡುರಾತ್ರಿ ಕಳೆಯಿತು, ಮರುದಿನದ ಬೆಳಕೂ ಹರಿಯಿತು. ಯಾರೂ ಬರಲಿಲ್ಲ.

ಅಮೆರಿಕದ ಧಾರ್ಮಿಕ ಚರಿತ್ರೆಯಲ್ಲಿ ಈ ದಿನಕ್ಕೆ 'ಮಹಾ ನಿರಾಶೆ' ಎಂದೇ ಹೆಸರು. ನನ್ನ ಪಿಎಚ್.ಡಿ. ಸಂಶೋಧನೆ ಹತ್ತೊಂಬತ್ತನೇ ಶತಮಾನದ ಧಾರ್ಮಿಕ ಪತ್ರಿಕೆಗಳ ಸುತ್ತ ಇರುವುದರಿಂದ ಈ ಜನರ ಜೊತೆ ಕೆಲವು ವರ್ಷಗಳಿಂದ ಒಡನಾಟವಿದೆ. ಹಾಸ್ಟೆಲಿನಲ್ಲಿ ಇವರ ಕಥೆ ಹೇಳಿದರೆ ಗೆಳೆಯರು ನಗುತ್ತಾರೆ, ಮುಂದಿನ ಪ್ರಳಯ ಯಾವಾಗಲೋ ಮಾರಾಯ ಎಂದು ಕೇಳುತ್ತಾರೆ. ನಗುವುದು ಸುಲಭ. ಆದರೆ ಆ ದಿನಾಂಕ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದರೆ ನಮಗೆ ಸಿಗುವುದು ಕನಸು ಕಂಡವನೂ ಅಲ್ಲ, ಮೈಮೇಲೆ ದೇವರು ಬಂದವನೂ ಅಲ್ಲ. ಪೆನ್ಸಿಲ್ ಹಿಡಿದು ಕೂಡುವ, ಕಳೆಯುವ ಒಬ್ಬ ರೈತ.

ವಿಲಿಯಂ ಮಿಲ್ಲರ್ ಹುಟ್ಟಿದ್ದು 1782ರಲ್ಲಿ, ಮ್ಯಾಸಚೂಸೆಟ್ಸ್‌ನ ಪಿಟ್ಸ್‌ಫೀಲ್ಡ್‌ನಲ್ಲಿ. ಬದುಕಿದ್ದು ಹೆಚ್ಚಾಗಿ ನ್ಯೂಯಾರ್ಕ್ ರಾಜ್ಯದ ಲೋ ಹ್ಯಾಂಪ್ಟನ್ ಎಂಬ ಹಳ್ಳಿಯಲ್ಲಿ. ತರುಣನಾಗಿದ್ದಾಗ ಅವನೊಬ್ಬ ವಿಚಾರವಾದಿ. ದೇವರು ಜಗತ್ತನ್ನು ಗಡಿಯಾರದಂತೆ ಮಾಡಿ ಕೀಲಿ ಕೊಟ್ಟು ಬಿಟ್ಟಿದ್ದಾನೆ, ಆಮೇಲೆ ಅದರಲ್ಲಿ ಕೈ ಹಾಕುವುದಿಲ್ಲ ಎಂದು ನಂಬಿದ್ದ ಡೀಯಿಸ್ಟ್‌ಗಳ ಪೈಕಿ. 1814ರ ಸೆಪ್ಟೆಂಬರ್‌ನಲ್ಲಿ ಪ್ಲ್ಯಾಟ್ಸ್‌ಬರ್ಗ್ ಯುದ್ಧದಲ್ಲಿ ಅವನು ಅಮೆರಿಕನ್ ಸೇನೆಯ ಕ್ಯಾಪ್ಟನ್. ಸಂಖ್ಯೆಯಲ್ಲಿ ತಮಗಿಂತ ಬಹಳ ದೊಡ್ಡದಾಗಿದ್ದ ಬ್ರಿಟಿಷ್ ಪಡೆ ಹಿಂದೆ ಸರಿದದ್ದು ಅವನ ಗಡಿಯಾರದ ದೇವರನ್ನು ಅಲುಗಿಸಿತು. ಊರಿಗೆ ಮರಳಿದ ಮೇಲೆ ಬ್ಯಾಪ್ಟಿಸ್ಟ್ ಸಭೆ ಸೇರಿದ. ಹಳೆಯ ವಿಚಾರವಾದಿ ಗೆಳೆಯರು ಬೈಬಲಿನ ವಿರೋಧಾಭಾಸಗಳನ್ನು ಎತ್ತಿ ಕೆಣಕಿದಾಗ, ಸ್ವಲ್ಪ ಸಮಯ ಕೊಡಿ, ಎಲ್ಲವನ್ನೂ ಹೊಂದಿಸಿ ತೋರಿಸುತ್ತೇನೆ ಎಂದು 1816ರಲ್ಲಿ ಓದಲು ಕೂತ.

ಅವನು ಓದಿದ ರೀತಿಯನ್ನು ಗಮನಿಸಬೇಕು. ವ್ಯಾಖ್ಯಾನ ಗ್ರಂಥಗಳನ್ನೆಲ್ಲ ಬದಿಗಿಟ್ಟ. ಬೈಬಲ್, ಜೊತೆಗೆ ಕ್ರೂಡೆನ್‌ನ ಪದಸೂಚಿ, ಇಷ್ಟೇ. ಆದಿಕಾಂಡದಿಂದ ಶುರುಮಾಡಿ ವಚನ ವಚನವಾಗಿ ಮುಂದೆ ಹೋಗುವುದು; ಒಂದು ಪದ ಗೊಂದಲ ಹುಟ್ಟಿಸಿದರೆ ಆ ಪದ ಇಡೀ ಬೈಬಲಿನಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ಪದಸೂಚಿಯಲ್ಲಿ ನೋಡಿ, ಆ ಎಲ್ಲ ಕಡೆಗೂ ಒಪ್ಪುವ ಅರ್ಥ ಸಿಗುವವರೆಗೆ ಮುಂದಿನ ಸಾಲಿಗೆ ಹೋಗದಿರುವುದು. ಪಾದ್ರಿಗಳ ಹಂಗಿಲ್ಲದೆ, ಗ್ರೀಕ್ ಹೀಬ್ರೂ ಬಾರದ ಸಾಮಾನ್ಯನೂ ತನ್ನ ಬುದ್ಧಿಯಿಂದಲೇ ಗ್ರಂಥವನ್ನು ಅರಿಯಬಹುದೆಂಬ ಹೊಸ ಗಣರಾಜ್ಯದ ಆತ್ಮವಿಶ್ವಾಸ ಇದರಲ್ಲಿದೆ. ಅವನು ಬಿಟ್ಟುಬಂದ ವಿಚಾರವಾದವೂ ಇದರಲ್ಲಿದೆ. ದೇವರು ಬದಲಾಗಿದ್ದ, ಗಡಿಯಾರ ಹಾಗೇ ಇತ್ತು.

ಅವನ ಲೆಕ್ಕದ ಕೇಂದ್ರ ದಾನಿಯೇಲನ ಗ್ರಂಥದ ಎಂಟನೇ ಅಧ್ಯಾಯದ ಒಂದು ವಚನ. ದರ್ಶನವೊಂದರಲ್ಲಿ ದೇವಾಲಯ ತುಳಿತಕ್ಕೆ ಸಿಕ್ಕಿದೆ. ಇದು ಎಷ್ಟು ಕಾಲ ಎಂಬ ಪ್ರಶ್ನೆಗೆ 2300 ದಿನಗಳು, ಆಮೇಲೆ ಪವಿತ್ರಸ್ಥಾನ ಶುದ್ಧವಾಗುತ್ತದೆ ಎಂಬರ್ಥದ ಉತ್ತರ ಬರುತ್ತದೆ. ಇಲ್ಲಿ ಮಿಲ್ಲರ್ ಮೂರು ಹೆಜ್ಜೆ ಇಡುತ್ತಾನೆ. ಪ್ರವಾದನೆಯಲ್ಲಿ ಒಂದು ದಿನವೆಂದರೆ ಒಂದು ವರ್ಷ. ಇದು ಅವನ ಸ್ವಂತ ಕಲ್ಪನೆಯಲ್ಲ. ಅರಣ್ಯಕಾಂಡದಲ್ಲೂ ಯೆಹೆಜ್ಕೇಲನ ಗ್ರಂಥದಲ್ಲೂ ದಿನಕ್ಕೊಂದು ವರ್ಷದಂತೆ ಎಣಿಸುವ ಸಂದರ್ಭಗಳಿವೆ. ಎರಡನೆಯದು, ಒಂಬತ್ತನೇ ಅಧ್ಯಾಯದಲ್ಲಿ ದೇವದೂತ ಗಬ್ರಿಯೇಲ ಹೇಳುವ 'ಎಪ್ಪತ್ತು ವಾರಗಳು', ಅಂದರೆ 490 ವರ್ಷಗಳು, ಈ 2300ರ ಮೊದಲ ತುಂಡು. ಮೂರನೆಯದು, ಆ ವಾರಗಳು ಯೆರೂಸಲೇಮನ್ನು ಮತ್ತೆ ಕಟ್ಟುವ ಆಜ್ಞೆಯಿಂದ ಆರಂಭವಾಗುತ್ತವೆ. ಪಾರಸಿಯ ಅರಸ ಅರ್ತಷಸ್ತ ಎಜ್ರನಿಗೆ ಆಜ್ಞಾಪತ್ರ ಕೊಟ್ಟದ್ದು ಕ್ರಿ.ಪೂ. 457ರಲ್ಲಿ. 457ರಿಂದ 490 ವರ್ಷ ಎಣಿಸಿದರೆ ಕ್ರಿಸ್ತನ ಮರಣದ ವರ್ಷವೆಂದು ಅವನು ನಂಬಿದ್ದ ಕ್ರಿ.ಶ. 33. ಉಳಿದ 1810 ಸೇರಿಸಿದರೆ 1843. 'ಪವಿತ್ರಸ್ಥಾನ' ಎಂದರೆ ಈ ಭೂಮಿ, ಶುದ್ಧವಾಗುವುದೆಂದರೆ ಬೆಂಕಿಯಿಂದ ಎಂದು ಅವನು ಓದಿಕೊಂಡ.

1818ರ ಹೊತ್ತಿಗೇ ಅವನು ಈ ತೀರ್ಮಾನಕ್ಕೆ ಬಂದಿದ್ದ. ಇನ್ನು ಸುಮಾರು ಇಪ್ಪತ್ತೈದು ವರ್ಷ. ಆದರೆ ಬಾಯಿ ಬಿಟ್ಟು ಸಭೆಯಲ್ಲಿ ಹೇಳಿದ್ದು 1831ರಲ್ಲಿ. ಹದಿಮೂರು ವರ್ಷ ತನ್ನ ಲೆಕ್ಕವನ್ನು ತಾನೇ ಮತ್ತೆ ಮತ್ತೆ ಪರೀಕ್ಷಿಸುತ್ತಾ ಹೊಲ ಉಳುತ್ತಿದ್ದವನನ್ನು ಮೋಸಗಾರನೆನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಇದು ಒಬ್ಬ ಹಳ್ಳಿಗನ ವಿಚಿತ್ರ ಗೀಳು ಎಂದುಕೊಳ್ಳುವುದೂ ಸರಿಯಲ್ಲ. ಐಸಾಕ್ ನ್ಯೂಟನ್ ದಾನಿಯೇಲ ಮತ್ತು ಪ್ರಕಟಣೆ ಗ್ರಂಥಗಳ ಬಗ್ಗೆ ಬರೆದ ಪುಸ್ತಕ ಅವನ ಮರಣಾನಂತರ 1733ರಲ್ಲಿ ಪ್ರಕಟವಾಯಿತು. ಅವನ ಹಸ್ತಪ್ರತಿಯೊಂದರಲ್ಲಿ 2060ನೇ ಇಸವಿಯ ಲೆಕ್ಕವೂ ಇದೆ. ದಿನಕ್ಕೊಂದು ವರ್ಷವೆಂಬ ಸೂತ್ರ ಪ್ರಾಟೆಸ್ಟೆಂಟ್ ವಿದ್ವಾಂಸರಲ್ಲಿ ಬಹುಕಾಲದಿಂದ ಚಾಲ್ತಿಯಲ್ಲಿತ್ತು. ಅದರ ಜೊತೆಗೆ 1798ರಲ್ಲಿ ಫ್ರೆಂಚ್ ಸೇನಾನಿ ಬೆರ್ತಿಯೆ ರೋಮ್ ಹೊಕ್ಕು ಪೋಪ್ ಆರನೇ ಪಯಸ್‌ನನ್ನು ಸೆರೆಹಿಡಿದ. ದಾನಿಯೇಲ ಮತ್ತು ಪ್ರಕಟಣೆ ಗ್ರಂಥಗಳ 1260 ದಿನಗಳನ್ನು ಪೋಪರ ಅಧಿಕಾರದ ಅವಧಿಯೆಂದು ಓದುತ್ತಿದ್ದವರಿಗೆ ರೋಮಾಂಚನವಾಯಿತು: 538ಕ್ಕೆ 1260 ಸೇರಿಸಿದರೆ ಸರಿಯಾಗಿ 1798. ಸೂತ್ರ ಒಮ್ಮೆ ಕೆಲಸ ಮಾಡಿದೆ ಎಂದ ಮೇಲೆ ಇನ್ನೊಮ್ಮೆ ಯಾಕೆ ಮಾಡಬಾರದು? ಮಿಲ್ಲರ್‌ನ ಕೇಳುಗರಲ್ಲಿ ಅನೇಕರಿಗೆ ಈ ಹಿನ್ನೆಲೆ ಗೊತ್ತಿತ್ತು. ಎಷ್ಟೋ ಪಾದ್ರಿಗಳು ಅವನ ಜೊತೆ ಜಗಳವಾಡಿದ್ದು ಲೆಕ್ಕ ಹಾಕಿದ್ದಕ್ಕಲ್ಲ. ಕೊನೆಗೆ ಏನಾಗುತ್ತದೆ ಎಂಬ ಬಗ್ಗೆ.

ಹಳ್ಳಿಯ ಉಪದೇಶವನ್ನು ಚಳವಳಿಯಾಗಿ ಮಾಡಿದ್ದು ಅಚ್ಚುಮೊಳೆ. ಬಾಸ್ಟನ್ನಿನ ಜೋಶುವಾ ಹೈಮ್ಸ್ ಎಂಬ ಪಾದ್ರಿ, ಗುಲಾಮಗಿರಿ ವಿರೋಧಿ ಹೋರಾಟದಲ್ಲೂ ಇದ್ದವನು, 1839ರಲ್ಲಿ ಮಿಲ್ಲರ್‌ನನ್ನು ಭೇಟಿಯಾದ. ಮರುವರ್ಷವೇ 'ಸೈನ್ಸ್ ಆಫ್ ದಿ ಟೈಮ್ಸ್' ಪತ್ರಿಕೆ ಶುರು. 1842ರಲ್ಲಿ ನ್ಯೂಯಾರ್ಕ್‌ನಿಂದ 'ದಿ ಮಿಡ್‌ನೈಟ್ ಕ್ರೈ'. ಅದೇ ವರ್ಷ ಚಾರ್ಲ್ಸ್ ಫಿಚ್ ಮತ್ತು ಅಪೊಲೋಸ್ ಹೇಲ್ ಸೇರಿ ಒಂದು ದೊಡ್ಡ ನಕ್ಷೆ ತಯಾರಿಸಿದರು. ದಾನಿಯೇಲನ ಲೋಹದ ಪ್ರತಿಮೆ, ನಾಲ್ಕು ಮೃಗಗಳು, ಪಕ್ಕದಲ್ಲಿ ಇಸವಿಗಳ ಸಾಲು, ಕೆಳಗೆ ಎಲ್ಲ ಸಾಲುಗಳೂ ಬಂದು ನಿಲ್ಲುವ ಒಂದೇ ಮೊತ್ತ: 1843. ಇಂಥ 300 ನಕ್ಷೆಗಳನ್ನು ಮುದ್ರಿಸಿ ಉಪದೇಶಕರಿಗೆ ಕೊಟ್ಟರು. ಇದರ ಡಿಜಿಟಲ್ ಪ್ರತಿಯನ್ನು ಪರದೆಯ ಮೇಲೆ ದೊಡ್ಡದು ಮಾಡಿ ನೋಡುವಾಗಲೆಲ್ಲ ನನಗೆ ಶಾಲೆಯ ಗೋಡೆಗೆ ನೇತುಹಾಕಿದ ಪಟ ನೆನಪಾಗುತ್ತದೆ. ಇಲ್ಲಿ ಯಾವ ಗುಟ್ಟೂ ಇಲ್ಲ. ಬನ್ನಿ, ನೀವೇ ಕೂಡಿಸಿ ನೋಡಿ ಎನ್ನುತ್ತದೆ ಆ ನಕ್ಷೆ. ತಪ್ಪಿದ್ದರೆ ತೋರಿಸಿ ಎಂದು ಸವಾಲು ಹಾಕುವ ನಂಬಿಕೆಗೆ ಒಂದು ಬಗೆಯ ಪ್ರಾಮಾಣಿಕತೆ ಇರುತ್ತದೆ, ಅಪಾಯವೂ ಇರುತ್ತದೆ. ಅನುಯಾಯಿಗಳ ಸಂಖ್ಯೆಯನ್ನು ಸಾಮಾನ್ಯವಾಗಿ 50 ಸಾವಿರದಿಂದ 1 ಲಕ್ಷದವರೆಗೆ ಅಂದಾಜಿಸುತ್ತಾರೆ.

ಆ ದಿನವಾಗಲಿ ಗಳಿಗೆಯಾಗಲಿ ಯಾರಿಗೂ ತಿಳಿಯದು ಎಂದು ಮತ್ತಾಯನ ಸುವಾರ್ತೆಯಲ್ಲಿ ಯೇಸುವೇ ಹೇಳಿಲ್ಲವೇ ಎಂದು ವಿರೋಧಿಗಳು ಕೇಳುತ್ತಿದ್ದರು. ನಾನು ದಿನ ಹೇಳಿಲ್ಲ, ಗಳಿಗೆ ಹೇಳಿಲ್ಲ, ವರ್ಷ ಮಾತ್ರ ಹೇಳಿದ್ದೇನೆ ಎಂಬುದು ಮಿಲ್ಲರ್‌ನ ಧೋರಣೆ. ಒತ್ತಾಯ ಹೆಚ್ಚಾದಾಗ ಅವನು ಯೆಹೂದಿ ವರ್ಷದ ಲೆಕ್ಕದಲ್ಲಿ 1843ರ ಮಾರ್ಚ್ 21ರಿಂದ 1844ರ ಮಾರ್ಚ್ 21ರೊಳಗೆ ಎಂದ. 1843ರ ಮಾರ್ಚ್‌ನಲ್ಲಿ ಹಗಲಿನಲ್ಲೂ ಕಾಣುವಂಥ ಭಾರೀ ಧೂಮಕೇತು ಬೇರೆ ಬಂತು. ಆದರೆ ಅವಧಿ ಮುಗಿಯಿತು, ಏನೂ ಆಗಲಿಲ್ಲ. ಮಿಲ್ಲರ್ ತನ್ನ ಲೆಕ್ಕ ತಪ್ಪಿತೆಂದು ಬಹಿರಂಗವಾಗಿ ಒಪ್ಪಿಕೊಂಡ. ಬರವು ಹತ್ತಿರವಿದೆ ಎಂಬ ನಂಬಿಕೆ ಮಾತ್ರ ಬಿಡಲಿಲ್ಲ.

ಇಲ್ಲಿಂದ ಮುಂದಿನ ಆರು ತಿಂಗಳು ವ್ಯಾಖ್ಯಾನದ ಚರಿತ್ರೆ ಓದುವವರಿಗೆ ಬಹಳ ಕಲಿಸುತ್ತವೆ. ಮೊದಲು ಸಿಕ್ಕಿದ್ದು ಒಂದು ಗಣಿತದ ತೊಡಕು. ಕ್ರಿ.ಪೂ. 1ರ ನಂತರ ನೇರವಾಗಿ ಕ್ರಿ.ಶ. 1 ಬರುತ್ತದೆ, ನಡುವೆ ಸೊನ್ನೆಯ ವರ್ಷವಿಲ್ಲ. 457 ಮತ್ತು 1843 ಕೂಡಿದರೆ 2300 ಆಗುವುದು ನಿಜ, ಆದರೆ ಅಷ್ಟು ಪೂರ್ಣ ವರ್ಷ ಕಳೆಯಬೇಕಾದರೆ 457ರ ಮೊದಲ ದಿನದಿಂದ 1843ರ ಕೊನೆಯ ದಿನದವರೆಗೂ ಎಣಿಸಬೇಕು. ಆಜ್ಞೆ ಜಾರಿಗೆ ಬಂದದ್ದು 457ರ ಶರತ್ಕಾಲದಲ್ಲಿ ಎಂದರೆ ಲೆಕ್ಕ 1844ರ ಶರತ್ಕಾಲಕ್ಕೆ ಹೋಗುತ್ತದೆ. ಜೊತೆಗೆ ಮತ್ತಾಯನ ಸುವಾರ್ತೆಯ ಹತ್ತು ಮಂದಿ ಕನ್ಯೆಯರ ಸಾಮತಿ ನೆರವಿಗೆ ಬಂತು. ಅಲ್ಲಿ ಮದಲಿಂಗ ತಡಮಾಡುತ್ತಾನೆ, ಕಾದವರು ತೂಕಡಿಸುತ್ತಾರೆ, ನಡುರಾತ್ರಿ ಕೂಗು ಕೇಳುತ್ತದೆ. ಅಂದರೆ ಈ ತಡವೂ ಗ್ರಂಥದಲ್ಲೇ ಬರೆದಿದೆ! ನಿರಾಶೆಯೇ ಪುರಾವೆಯಾಗಿ ಬದಲಾದ ಗಳಿಗೆ ಇದು.

ಆಗಸ್ಟ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ಎಕ್ಸೆಟರ್‌ನಲ್ಲಿ ನಡೆದ ಶಿಬಿರದಲ್ಲಿ ಸ್ಯಾಮ್ಯುಯೆಲ್ ಸ್ನೋ ಎಂಬಾತ ಕೊನೆಯ ಮೊಳೆ ಹೊಡೆದ. ಮೋಶೆಯ ಧರ್ಮಶಾಸ್ತ್ರದಲ್ಲಿ ಪವಿತ್ರಸ್ಥಾನ ಶುದ್ಧವಾಗುವುದು ವರ್ಷಕ್ಕೊಮ್ಮೆ, ದೋಷಪರಿಹಾರಕ ದಿನದಂದು, ಏಳನೇ ತಿಂಗಳ ಹತ್ತನೇ ದಿನ. ಹಾಗಾದರೆ ಕ್ರಿಸ್ತ ಬರುವುದೂ ಅಂದೇ. ರಬ್ಬಿಗಳ ಪಂಚಾಂಗದಲ್ಲಿ ಅದು ಆ ವರ್ಷ ಸೆಪ್ಟೆಂಬರ್ 23. ಆದರೆ ಪಾಲೆಸ್ತೀನಿನಲ್ಲಿ ಜವೆಗೋಧಿ ಮಾಗುವುದನ್ನು ನೋಡಿ ತಿಂಗಳು ಎಣಿಸುವ ಕರಾಯಿಟ್ ಯೆಹೂದಿಗಳ ಪದ್ಧತಿಯೇ ಮೂಲದ್ದೆಂದು ಹೇಳಿ ಅಕ್ಟೋಬರ್ 22 ಎಂದು ನಿಗದಿ ಮಾಡಿದರು. ಗಳಿಗೆಯಲ್ಲದಿದ್ದರೂ ದಿನ ಈಗ ಸಿಕ್ಕಿತ್ತು. ಈ ದಿನಾಂಕ ಹಬ್ಬಿದ್ದು ಕೆಳಗಿನಿಂದ, ಶಿಬಿರಗಳಿಂದ. ಹೈಮ್ಸ್, ಮಿಲ್ಲರ್ ಇಬ್ಬರೂ ಹಿಂಜರಿದರು. ಮಿಲ್ಲರ್ ಒಪ್ಪಿದ್ದು ಅಕ್ಟೋಬರ್ ತಿಂಗಳು ಶುರುವಾದ ಮೇಲೆ, ಎರಡೇ ವಾರ ಉಳಿದಿರುವಾಗ. ಚಳವಳಿಯ ನಾಯಕರೇ ಚಳವಳಿಯ ಹಿಂದೆ ಓಡಿದ ಸಂದರ್ಭ.

ಈಗ ದಾನಿಯೇಲನ ಗ್ರಂಥಕ್ಕೇ ಹೋಗೋಣ, ಯಾಕೆಂದರೆ ಮಿಲ್ಲರ್‌ನ ಪದಸೂಚಿಯಲ್ಲಿ ಸಿಗದ ಸಂಗತಿಯೊಂದು ಅಲ್ಲಿದೆ. ಗ್ರಂಥದ ಕಥೆ ನಡೆಯುವುದು ಕ್ರಿ.ಪೂ. ಆರನೇ ಶತಮಾನದ ಬಾಬಿಲೋನಿನಲ್ಲಿ. ಆದರೆ ಅದರ ದರ್ಶನಗಳ ಭಾಗ ರಚನೆಯಾದದ್ದು ಕ್ರಿ.ಪೂ. 167 ಮತ್ತು 164ರ ನಡುವೆ, ಸಿರಿಯಾದ ಗ್ರೀಕ್ ಅರಸ ನಾಲ್ಕನೇ ಆಂಟಿಯೋಕಸ್ ಯೆರೂಸಲೇಮಿನ ದೇವಾಲಯವನ್ನು ಹೊಲೆಮಾಡಿ ಯೆಹೂದಿಗಳ ನಿತ್ಯಬಲಿಯನ್ನು ನಿಲ್ಲಿಸಿದ್ದ ದಿನಗಳಲ್ಲಿ ಎಂಬುದು ಇಂದಿನ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಇದು ಇತ್ತೀಚಿನ ಮಾತೂ ಅಲ್ಲ, ಕ್ರಿ.ಶ. ಮೂರನೇ ಶತಮಾನದ ತತ್ವಜ್ಞಾನಿ ಪೋರ್ಫಿರಿ ಇದನ್ನೇ ಹೇಳಿದ್ದ, ಅವನನ್ನು ಖಂಡಿಸಲು ಹೊರಟ ಜೆರೋಮ್‌ನ ಬರಹದಿಂದಲೇ ನಮಗದು ಗೊತ್ತು. ಹನ್ನೊಂದನೇ ಅಧ್ಯಾಯ ಆಂಟಿಯೋಕಸ್‌ನ ಕಾಲದವರೆಗಿನ ರಾಜಕೀಯವನ್ನು ಬೆರಗಾಗುವಷ್ಟು ನಿಖರವಾಗಿ ಹೇಳುತ್ತದೆ. ಅವನ ಸಾವಿನ ವಿಷಯಕ್ಕೆ ಬಂದಾಗ ಮಾತ್ರ ತಪ್ಪುತ್ತದೆ. ಪವಿತ್ರ ಪರ್ವತದ ಬಳಿ ಅಂತ್ಯ ಕಾಣುತ್ತಾನೆಂದು ಅದು ಸೂಚಿಸಿದ ಅರಸ ಸತ್ತದ್ದು ದೂರದ ಪಾರಸಿಯ ಕಡೆ.

ಈ ಹಿನ್ನೆಲೆಯಲ್ಲಿ ಎಂಟನೇ ಅಧ್ಯಾಯದ ಹೀಬ್ರೂ ನೋಡಿದರೆ ಅಲ್ಲಿರುವುದು ದಿನವೆಂಬ ಸಾಮಾನ್ಯ ಪದವಲ್ಲ, 'ಸಂಜೆ-ಬೆಳಗು'. ದೇವಾಲಯದಲ್ಲಿ ನಿತ್ಯಬಲಿ ಸಂಜೆಗೊಂದು ಬೆಳಗಿಗೊಂದು. ಅದರಂತೆ ಓದಿದರೆ 2300 ಎಂದರೆ ನಿಂತುಹೋದ ಬಲಿಗಳ ಎಣಿಕೆ, 1150 ದಿನ, ಮೂರು ವರ್ಷಕ್ಕಿಂತ ತುಸು ಹೆಚ್ಚು. ದೇವಾಲಯ ಮೈಲಿಗೆಯಾಗಿ ಮತ್ತೆ ಪ್ರತಿಷ್ಠೆಯಾದದ್ದಕ್ಕೂ ನಡುವಿನ ಅಂತರ ಸುಮಾರು ಮೂರು ವರ್ಷವೇ. ಎರಡು ಸಾವಿರ ವರ್ಷಗಳ ಆಚೆಗಿನ ಅಮೆರಿಕದ ಮಂಗಳವಾರಕ್ಕಲ್ಲ, ಕಣ್ಣೆದುರಿಗೆ ದೇವಾಲಯ ಹಾಳಾಗುತ್ತಿದ್ದ ಜನರಿಗೆ, ಇನ್ನು ಸ್ವಲ್ಪ ತಡೆಯಿರಿ ಎಂದು ಹೇಳಿದ ಸಂಖ್ಯೆ ಅದು.

ಇಲ್ಲಿಗೇ ನಿಲ್ಲಿಸಿದರೆ, ಬರೆದವರು ತಿಳಿದವರು, ಓದಿದ ಮಿಲ್ಲರ್ ದಡ್ಡ ಎಂದಾಗುತ್ತದೆ. ಆದರೆ ಗ್ರಂಥದೊಳಗೇ ಇನ್ನೂ ಎರಡು ಕಡೆ ನೋಡಬೇಕು. ಒಂಬತ್ತನೇ ಅಧ್ಯಾಯದಲ್ಲಿ ದಾನಿಯೇಲ ಮಾಡುತ್ತಿರುವುದೇನು? ತನಗಿಂತ ಹಳೆಯ ಪ್ರವಾದಿ ಯೆರೆಮೀಯನ ಗ್ರಂಥ ಓದುತ್ತಿದ್ದಾನೆ. ಯೆರೂಸಲೇಮಿನ ದುರವಸ್ಥೆ ಎಪ್ಪತ್ತು ವರ್ಷ ಎಂದಿದ್ದ ಯೆರೆಮೀಯ. ಗಬ್ರಿಯೇಲ ಬಂದು ಅದು ಎಪ್ಪತ್ತು ವರ್ಷವಲ್ಲ, ವರ್ಷಗಳ ಎಪ್ಪತ್ತು ವಾರ ಎನ್ನುತ್ತಾನೆ. ಸೆರೆಯಿಂದ ಮರಳಿದ ಮೇಲೂ ನಿರೀಕ್ಷಿಸಿದ ವೈಭವ ಬರಲಿಲ್ಲ. ಆದ್ದರಿಂದ ಹಳೆಯ ಸಂಖ್ಯೆ ಏಳು ಪಟ್ಟು ಹಿಗ್ಗಿತು. ಇನ್ನು ಗ್ರಂಥದ ಕೊನೆಯ ಅಧ್ಯಾಯದಲ್ಲಿ ಅಕ್ಕಪಕ್ಕದ ಎರಡು ವಚನಗಳಲ್ಲಿ ಎರಡು ಎಣಿಕೆಗಳಿವೆ. ಮೊದಲು 1290 ದಿನಗಳು. ಕೂಡಲೇ, 1335 ದಿನದವರೆಗೆ ಕಾದವನು ಧನ್ಯ ಎಂಬರ್ಥದ ಮಾತು. ಮೊದಲ ಗಡುವು ಕಳೆದುಹೋದ ಮೇಲೆ ಎರಡನೆಯದನ್ನು ಸೇರಿಸಿದ್ದಾರೆ ಎಂದು ಹಲವು ವಿದ್ವಾಂಸರು ಊಹಿಸುತ್ತಾರೆ. ಹಾಗಿದ್ದರೆ ನಡುವಿನ ಆ 45 ದಿನಗಳಲ್ಲಿ ಯಾರೋ ಕಾದಿದ್ದಾರೆ, ಕೂತು ಮತ್ತೆ ಎಣಿಸಿದ್ದಾರೆ, ಹಳೆಯ ಸಾಲನ್ನು ಅಳಿಸುವ ಧೈರ್ಯವಾಗದೆ ಅದರ ಕೆಳಗೆ ಹೊಸದನ್ನು ಬರೆದಿದ್ದಾರೆ.

1844ರ ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಸ್ನೋ ಮತ್ತು ಸಂಗಡಿಗರು ಮಾಡಿದ್ದು ಇದನ್ನೇ. ಮಿಲ್ಲರೈಟರು ಗ್ರಂಥದ ಅರ್ಥ ತಪ್ಪಿಸಿಕೊಂಡಿರಬಹುದು, ಗ್ರಂಥದ ಅಭ್ಯಾಸವನ್ನು ಮಾತ್ರ ಚೆನ್ನಾಗಿ ಕಲಿತಿದ್ದರು ಎಂಬುದು ನನ್ನ ವಾದ. ಇದನ್ನು ವಿಭಾಗದ ಸೆಮಿನಾರಿನಲ್ಲಿ ಹೇಳಿದಾಗ ಹಿರಿಯರೊಬ್ಬರು, ಒಂದು ಹಿಂಸೆಯ ನಡುವೆ ಬಂದ ಮರುಲೆಕ್ಕ, ಇನ್ನೊಂದು ಹೊಟ್ಟೆ ತುಂಬಿದವರ ಮರುಲೆಕ್ಕ, ಎರಡೂ ಒಂದೇ ಹೇಗಾಗುತ್ತದೆ ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಆಂಟಿಯೋಕಸ್‌ನ ಸೈನಿಕರ ಎದುರು ಮಾಡಿದ ಲೆಕ್ಕ ಬದುಕಿಸಲು ಮಾಡಿದ್ದು; ಮಿಲ್ಲರ್‌ನ ಲೆಕ್ಕ ಗೆಳೆಯರ ಎದುರು ಗ್ರಂಥದ ಮರ್ಯಾದೆ ಉಳಿಸಲು ಶುರುವಾದದ್ದು. ಆ ವ್ಯತ್ಯಾಸ ದೊಡ್ಡದು, ಒಪ್ಪುತ್ತೇನೆ. ಆದರೂ ಅಕ್ಟೋಬರ್ 23ರ ಬೆಳಗ್ಗೆ ಎದ್ದವರ ನೋವು ಹೊಟ್ಟೆ ತುಂಬಿದವರ ನೋವೆಂದು ಕಡಿಮೆಯಾಗುವುದಿಲ್ಲ.

ಆ ಬೆಳಗ್ಗೆಯ ಬಗ್ಗೆ ನ್ಯೂಯಾರ್ಕ್ ರಾಜ್ಯದ ಹೈರಮ್ ಎಡ್ಸನ್ ಎಂಬ ರೈತ ಬರೆದಿಟ್ಟಿದ್ದಾನೆ. ಬೆಳಗಾಗುವವರೆಗೂ ಎಲ್ಲರೂ ಅತ್ತರಂತೆ. ಆಮೇಲೆ ಅವನು ಸಂಗಾತಿಯೊಬ್ಬನ ಜೊತೆ ಇತರ ವಿಶ್ವಾಸಿಗಳನ್ನು ಸಂತೈಸಲು ಹೊರಟ. ರಸ್ತೆಯಲ್ಲಿ ಹೋದರೆ ಊರವರ ಗೇಲಿ. ಆದ್ದರಿಂದ ಜೋಳದ ಹೊಲ ಹಾದು ಹೋದರೆಂದು ಮುಂದೆ ಅವರ ಕಥೆ ಹೇಳುವವರು ವಿವರಿಸುತ್ತಾರೆ. ಆ ಹೊಲದ ನಡುವೆ ಎಡ್ಸನ್‌ಗೆ ಹೊಳೆಯಿತು: ದಿನಾಂಕ ಸರಿ, ಘಟನೆ ಬೇರೆ. ಪವಿತ್ರಸ್ಥಾನವೆಂದರೆ ಭೂಮಿಯಲ್ಲ, ಪರಲೋಕದ ಪವಿತ್ರಸ್ಥಾನ. ಕ್ರಿಸ್ತ ಅಂದು ಅಲ್ಲಿಂದ ಇಲ್ಲಿಗೆ ಬರಲಿಲ್ಲ, ಅಲ್ಲಿಯೇ ಒಳಕೋಣೆ ಪ್ರವೇಶಿಸಿದ. ಸಂಖ್ಯೆ ಉಳಿಯಿತು, ಅದನ್ನು ಪರೀಕ್ಷಿಸಬಲ್ಲ ಕಣ್ಣುಗಳಿಂದ ಮಾತ್ರ ದೂರ ಸರಿಯಿತು. ಈ ಗುಂಪಿನಿಂದ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು. ಬೆಂಗಳೂರಿನ ಹಳೇ ಮದ್ರಾಸ್ ರಸ್ತೆಯಲ್ಲಿ ಓಡಾಡುವವರಿಗೆ ಲೌರಿ ಶಾಲೆ, ಕಾಲೇಜು ಗೊತ್ತಿರುತ್ತದೆ; ಅದು ಇದೇ ಸಭೆಯದು. ಆ ಜೋಳದ ಹೊಲದಿಂದ ಇಲ್ಲಿಯವರೆಗಿನ ದಾರಿಯಲ್ಲಿ ಆಸ್ಪತ್ರೆಗಳು, ಶಾಲೆಗಳು, ಮುದ್ರಣಾಲಯಗಳು ಎಲ್ಲ ಇವೆ.

ಎಡ್ಸನ್‌ನಂಥವರು ಅಲ್ಪಸಂಖ್ಯಾತರು. ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ ಮತ್ತು ಸಂಗಡಿಗರು 1956ರಲ್ಲಿ ಪ್ರಕಟಿಸಿದ 'ವೆನ್ ಪ್ರಾಫೆಸಿ ಫೇಲ್ಸ್' ಪುಸ್ತಕದ ಆರಂಭದಲ್ಲೇ ಮಿಲ್ಲರೈಟರನ್ನು ಉದಾಹರಿಸುತ್ತಾರೆ. ಭವಿಷ್ಯ ಸುಳ್ಳಾದಾಗ ನಂಬಿದವರು ನಂಬಿಕೆ ಬಿಡುವ ಬದಲು ಇನ್ನೂ ಉತ್ಸಾಹದಿಂದ ಪ್ರಚಾರಕ್ಕಿಳಿಯುತ್ತಾರೆ ಎಂಬುದು ಅವರ ವಾದ. ವಸಂತದ ನಿರಾಶೆಗೆ ಇದು ಒಪ್ಪುತ್ತದೆ, ಅಕ್ಟೋಬರಿನದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. ಆಗ ಬಹುಪಾಲು ಜನ ಸದ್ದಿಲ್ಲದೆ ಹಳೆಯ ಸಭೆಗಳಿಗೋ ಬರೀ ಹೊಲಗದ್ದೆಗಳಿಗೋ ಮರಳಿದರು, ಕೆಲವರು ಶೇಕರ್ ಪಂಥ ಸೇರಿದರು. ಸದ್ದಿಲ್ಲದೆ ಮರಳಿದವರು ಪತ್ರಿಕೆ ನಡೆಸುವುದಿಲ್ಲ, ಆತ್ಮಕಥೆ ಬರೆಯುವುದಿಲ್ಲ. ನನ್ನಂಥವರ ಕೈಗೆ ಸಿಗುವುದು ಬಿಡದೆ ಹಿಡಿದವರ ಕಾಗದಗಳು, ಇಲ್ಲವೇ ಗೇಲಿ ಮಾಡಿದವರ ಕಾಗದಗಳು.

ಗೇಲಿಯ ಆಯಸ್ಸೂ ದೊಡ್ಡದೇ. ಮಿಲ್ಲರೈಟರು ಬಿಳಿ ನಿಲುವಂಗಿ ತೊಟ್ಟು ಗುಡ್ಡ, ಮಾಳಿಗೆ ಏರಿ ಕಾದರು, ಅನೇಕರು ಹುಚ್ಚರಾದರು ಎಂಬ ಕಥೆಗಳನ್ನು 1924ರಲ್ಲಿ ಕ್ಲಾರಾ ಎಂಡಿಕಾಟ್ ಸಿಯರ್ಸ್ ಊರೂರಿನ ನೆನಪುಗಳಿಂದ ಸಂಗ್ರಹಿಸಿ ಪುಸ್ತಕ ಮಾಡಿದರು. 1944ರಲ್ಲಿ ಫ್ರಾನ್ಸಿಸ್ ನಿಕೋಲ್ ಇವುಗಳನ್ನು ಒಂದೊಂದಾಗಿ ಪರಿಶೀಲಿಸಿ ನಿಲುವಂಗಿಯ ಕಥೆಗೆ ನಂಬಲರ್ಹ ಸಮಕಾಲೀನ ಆಧಾರವಿಲ್ಲ ಎಂದು ತೋರಿಸಿದರು. ನಿಕೋಲ್ ಸ್ವತಃ ಅಡ್ವೆಂಟಿಸ್ಟ್. ಅವರ ಪಕ್ಷಪಾತ ಮುಚ್ಚಿಟ್ಟದ್ದಲ್ಲ. ಆದರೂ ನಂತರದ ಚರಿತ್ರಕಾರರು ನಿಲುವಂಗಿಯ ವಿಷಯದಲ್ಲಿ ಹೆಚ್ಚಾಗಿ ಅವರ ಜೊತೆಗೇ ಇದ್ದಾರೆ. ಗಡುವನ್ನು ಮುಂದೂಡುವ ರೂಢಿಯಂತೂ ನಿಂತಿಲ್ಲ. ಕ್ಯಾಲಿಫೋರ್ನಿಯಾದ ರೇಡಿಯೋ ಉಪದೇಶಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದ, ಅದು ಕಳೆದಾಗ ಅಕ್ಟೋಬರ್ 21 ಎಂದ. ಅದೇ ವಸಂತ, ಅದೇ ಶರತ್ಕಾಲ.

ಮಿಲ್ಲರ್‌ನನ್ನು 1845ರಲ್ಲಿ ಅವನ ಬ್ಯಾಪ್ಟಿಸ್ಟ್ ಸಭೆ ಹೊರಹಾಕಿತು. 1848ರಲ್ಲಿ ಅವನು ತನ್ನ ಜಮೀನಿನ ಬಳಿ ಒಂದು ಸಣ್ಣ ಪ್ರಾರ್ಥನಾಮಂದಿರ ಕಟ್ಟಿಸಿದ. ಆ ಹೊತ್ತಿಗೆ ಕಣ್ಣು ಮಂಜಾಗಿ ಓದಲು ಆಗುತ್ತಿರಲಿಲ್ಲ. 1849ರ ಡಿಸೆಂಬರ್ 20ರಂದು ತೀರಿಕೊಂಡ. ಎಡ್ಸನ್‌ನ ಪರಲೋಕದ ಪವಿತ್ರಸ್ಥಾನದ ವ್ಯಾಖ್ಯಾನವನ್ನು ಅವನು ಒಪ್ಪಿಕೊಳ್ಳಲಿಲ್ಲ, ಶನಿವಾರದ ಸಬ್ಬತ್ತನ್ನೂ ಆಚರಿಸಲಿಲ್ಲ. ಅವನ ಮನೆಯನ್ನು ಈಗ ಜೋಪಾನವಾಗಿ ನೋಡಿಕೊಳ್ಳುತ್ತಿರುವವರು ಅವೆರಡನ್ನೂ ನಂಬುವ ಅಡ್ವೆಂಟಿಸ್ಟರೇ.